ಹಿರಿಯರ ತಟ್ಟೆಗೆ ಕುರಿಯ ಕಿವಿ

ಮೇ ೧೪, ಬಿಷ್ಕೆಕ್, ಬೆಳಿಗ್ಗೆ

ಎರಡನೇ ಚಹಾ. ನೇಮಕದ ಆದೇಶ ಬಂದೇಬಿಟ್ಟಿತು! ಮೊದಲು ವಕೀಲೆ, ಆಮೇಲೆ ದೂರಸಂಪರ್ಕ ನಿಯಂತ್ರಣ ಕಚೇರಿ, ಇಂದಿನಿಂದ ರಾಜತಾಂತ್ರಿಕ ಅಧಿಕಾರಿ. ಮೊದಲ ಕೆಲಸ — ಕಝಕ್ ಗಡಿಯ ಮೊಬೈಲ್ ಟವರ್‌ಗಳ ಬಗ್ಗೆ ಮಾತುಕತೆ.

ಅಮ್ಮನಿಗೆ ಫೋನ್ ಮಾಡಿದೆ.

"ಒಂದೇ ಕುದುರೆ ಮೇಲೆ ನೆಟ್ಟಗೆ ಕೂರೋದು ಯಾವಾಗ ಕಲೀತೀಯೆ, ಬುರುಲ್?" ಆಮೇಲೆ ಮೆಲ್ಲಗೆ, "ಬಸುರಿ ಅತ್ತಿಗೆಗೆ ದಿನ ತುಂಬೋದು ಗಡಿ ಹತ್ರದ ಹುಲ್ಲುಗಾವಲಲ್ಲೇ ಕಣೆ."

ಅಲ್ಲಿ ಫೋನ್ ನಮ್ಮ ಟವರ್ ಬಿಟ್ಟು ಹಿಡಿಯುವುದು ಗಡಿಯಾಚೆಯ ಬಲವಾದ ಟವರನ್ನು. ಕಳೆದ ವರ್ಷ ಅಣ್ಣ ಕುದುರೆಯಿಂದ ಬಿದ್ದಾಗ ಆಂಬುಲೆನ್ಸ್ ಕರೆ ಆಚೆಯ ಊರಿಗೆ ಹೋಯಿತು. ಅವರು ಗಡಿ ದಾಟುವಂತಿಲ್ಲ. ಅಣ್ಣ ಈಗಲೂ ಕುಂಟುತ್ತಾನೆ.

ಜೂನ್ ೩

ಆಚೆಯ ತಂಡದ ಮುಖ್ಯಸ್ಥ ಸೆಯಿಲ್‌ಖಾನ್. ನರೆತ ಮೀಸೆ, ಭಾರೀ ಹಟ.

"ಗಾಳೀಲಿ ಹೋಗೋದಕ್ಕೆ ಬೇಲಿ ಹಾಕ್ತೀಯೇನಮ್ಮ?"

"ಬೇಲಿ ಬೇಡ, ಹಿರಿಯರೇ. ಆಂಟೆನಾ ಎರಡು ಡಿಗ್ರಿ ಕೆಳಗೆ ಬಗ್ಗಿಸಿ, ಸಾಕು, ಸಿಗ್ನಲ್ ನಿಮ್ಮ ಕಡೆಯೇ ಉಳಿಯುತ್ತೆ."

ಒಪ್ಪಲಿಲ್ಲ. ಸ್ಥಳ ನೋಡಿಯೇ ಮಾತಾಡೋಣ ಎಂದೆ. ನಾಳೆ ಎಲ್ಲರೂ ಹುಲ್ಲುಗಾವಲಿಗೆ, ಅಮ್ಮನ ಗುಡಾರಕ್ಕೆ!

ಜೂನ್ ೪, ಸಂಜೆ

ಮಾಡಬಾರದ ಎಡವಟ್ಟು ಮಾಡಿದೆ.

ಬೇಯಿಸಿದ ಕುರಿತಲೆ, ಪದ್ಧತಿಯಂತೆ, ಹಿರಿಯ ಅತಿಥಿ ಸೆಯಿಲ್‌ಖಾನ್ ಅವರಿಗೇ ಬಂತು. ಅವರು ಚಾಕು ನನಗೆ ಕೊಟ್ಟರು — "ನೀನೇ ಹಂಚು, ಮಗಳೇ." ನನ್ನ ತಲೆಯಲ್ಲಿ ಬರೀ ಡಿಗ್ರಿ ಲೆಕ್ಕ... ಮಾತಾಡುತ್ತಲೇ ಕಿವಿ ಕತ್ತರಿಸಿ ಅವರ ತಟ್ಟೆಗೇ ಇಟ್ಟೆ. ಹಿರಿಯರ ಮಾತು ಕೇಳಲಿ ಅಂತ ಮಕ್ಕಳಿಗೆ ಕೊಡುವ ತುಂಡು!



"ನಿನ್ನ ಕೈ ಸೇದಿಹೋಗ!" — ಅಮ್ಮ.

ಸೆಯಿಲ್‌ಖಾನ್ ತಟ್ಟೆ ನೋಡಿದರು. ಮೀಸೆ ಕುಣಿಯಿತು. "ನಮ್ಮಜ್ಜ ಹೋದ್ಮೇಲೆ ಇದನ್ನ ನನಗೆ ಯಾರೂ ಬಡಿಸಿರಲಿಲ್ಲ." ಬಾಯಿಗೆ ಹಾಕಿಕೊಂಡರು. "ತಿಂದಾಯ್ತು. ಇನ್ನು ಹಿರಿಯರು ಹೇಳಲಿ, ನಾನು ಕೇಳ್ತೀನಿ." ಅಮ್ಮನತ್ತ ತಿರುಗಿದರು.

ಅಮ್ಮ ಬಿಡುತ್ತಾಳೆಯೇ? ಅಣ್ಣನ ಕಾಲು ತೋರಿಸಿದಳು, ಅತ್ತಿಗೆಯ ಹೊಟ್ಟೆ ತೋರಿಸಿದಳು, ತನ್ನ ಫೋನನ್ನೇ ಅವರ ಕೈಗೆ ತುರುಕಿದಳು. ೧೦೩ ಒತ್ತಿದರು. ಎರಡೂ ದೇಶದಲ್ಲಿ ಆಂಬುಲೆನ್ಸ್‌ಗೆ ಅದೇ ನಂಬರು. ಎತ್ತಿದ್ದು ಗಡಿಯಾಚೆಯ, ಅವರದೇ ಊರಿನ ಹುಡುಗಿ.

ಫೋನ್ ಇಟ್ಟರು. ಮುಖ ಕೆಂಪು.

"ಬಗ್ಗಿಸ್ತೀವಿ, ಅಕ್ಕಾ."

ಜೂನ್ ೨೭, ಹುಲ್ಲುಗಾವಲು

ಬೆಳಿಗ್ಗೆಯಷ್ಟೇ ಆಂಟೆನಾ ಬಗ್ಗಿಸಿದರಂತೆ. ಮಧ್ಯಾಹ್ನವೇ ಅತ್ತಿಗೆಗೆ ನೋವು! ನಾನೇ ೧೦೩ ಒತ್ತಿದೆ. ರಿಂಗ್... ರಿಂಗ್... ಅಣ್ಣ ನನ್ನ ತೋಳು ಬಿಡಲೊಲ್ಲ.

"ಕರಾಕೋಲ್ ಆಂಬುಲೆನ್ಸ್. ಹೇಳಿ."

ಕರಾಕೋಲ್! ಗಡಿಯ ಈಚೆಯದು, ನಮ್ಮದು! ಅಣ್ಣ ಕುಂಟುಗಾಲಲ್ಲೇ ಕುಣಿದ.

ಈಗ ಗುಡಾರದ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ದಿಣ್ಣೆಯ ಕೆಳಗೆ ಧೂಳು — ಬಿಳೀ ಗಾಡಿ, ನಮ್ಮ ಕಡೆಯಿಂದಲೇ! ಅಮ್ಮ ಒಳಗಿಂದ ಕೂಗುತ್ತಿದ್ದಾಳೆ, "ರಾಯಭಾರಿ ಮೇಡಂ, ಪೆನ್ನು ಬಿಸಾಕಿ ಬಿಸಿನೀರು —"