ತಾನಾಗಿ ತಿರುಗಿದ ಗಾಲಿ

ಬಾಲಾನಗರ, ಹೈದರಾಬಾದ್
೧೭ ನವೆಂಬರ್ ೨೦೦೩

ತಂದೆಯ ಸ್ಥಾನದಲ್ಲಿರುವ ಲಿಂಗಣ್ಣನವರಿಗೆ,

ತಮ್ಮ ಮೌನಪ್ಪನ ನಮಸ್ಕಾರಗಳು. ನಾನು, ಪಾರ್ವತೆಮ್ಮ ಇಬ್ಬರೂ ಇದ್ದೇವೆ. ಸುಖವಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ನೀವು ಶ್ರಾವಣದಲ್ಲಿ ಬರೆದ ಪತ್ರಕ್ಕೆ ಕಾರ್ತಿಕದಲ್ಲಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಕೆಲಸದ ಗದ್ದಲ ಎಂದು ನೆಪ ಹೇಳಬಹುದು; ಗದ್ದಲವೂ ಇದೆ. ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಲೇ ಇವೆ. ಇಲ್ಲಿಯ ಹುಡುಗರು ಹೊಸ ಬೈಕು ಕೊಂಡು ಹಳೆಯ ಮೊಪೆಡ್ಡುಗಳನ್ನು ಅಪ್ಪಂದಿರಿಗೆ ಬಿಟ್ಟಿದ್ದಾರೆ. ಆ ಅಪ್ಪಂದಿರೆಲ್ಲ ನನ್ನ ಅಂಗಡಿಗೆ ಬರುತ್ತಾರೆ. ಆದರೆ ನಾಲ್ಕು ಸಲ ಬರೆಯಲು ಕುಳಿತು ನಾಲ್ಕು ಸಲವೂ ಹರಿದುಹಾಕಿದ್ದೇನೆ. ತಡಕ್ಕೆ ಕಾರಣ ಅದು.

ರೇಣುಕಾ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೂ ಗುಲಬರ್ಗಾದ ಕಾಲೇಜಿಗೆ ಕಳಿಸಲಿಲ್ಲ, ಮಾಘದಲ್ಲಿ ಮದುವೆ ಗೊತ್ತುಮಾಡಿದ್ದೇನೆ ಎಂದು ಬರೆದಿದ್ದೀರಿ. ‘ದೊಡ್ಡವಳ ನೌಕರಿಗೂ ಹೂಂ ಅಂದೆ, ಗಾಡಿಗೂ ಹೂಂ ಅಂದೆ. ಅವಳು ಕೆಂಪು ದೀಪಕ್ಕೂ ನಿಲ್ಲದೆ ತನ್ನ ಕೈಯಾರೆ ಸತ್ತಳು. ಸಣ್ಣವಳನ್ನು ಹೊಸ್ತಿಲು ದಾಟಿಸುವುದಿಲ್ಲ’ ಎಂದಿದ್ದೀರಿ. ಗಂಗಾಳ ಫೋಟೋವನ್ನು ಗೋಡೆಯಿಂದ ತೆಗೆದು ಟ್ರಂಕಿಗೆ ಹಾಕಿದ್ದೀರಂತೆ. ಹೆತ್ತ ತಾಯಿ, ವೈನಿಯವರು ಅದಕ್ಕೆ ಎರಡು ದಿನ ಊಟ ಬಿಟ್ಟರಂತೆ.

ಅಣ್ಣ, ಗಂಗಾ ಕೆಂಪು ದೀಪ ದಾಟಲಿಲ್ಲ. ಗಾಡಿ ದಾಟಿತು. ಅದಕ್ಕೆ ಕಾರಣ ನಾನು. ಮೊದಲಿನಿಂದ ಹೇಳುತ್ತೇನೆ, ಕೊನೆಯವರೆಗೂ ಓದಿ.

ಹೋದ ಜನವರಿಯಲ್ಲಿ ಅವಳಿಗೆ ಮಾದಾಪುರದಲ್ಲಿ ನೌಕರಿ ಸಿಕ್ಕಿತಲ್ಲ, ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಕೇಳಿ ಟೈಪು ಮಾಡುವ ಕೆಲಸ. ನಮ್ಮಲ್ಲೇ ಇದ್ದಳು; ಸಂಜೆ ಬಂದವಳು ಪಾರ್ವತೆಮ್ಮ ರೊಟ್ಟಿ ಬಡಿಯುವಲ್ಲಿ ಕುಳಿತು ಆ ಡಾಕ್ಟರುಗಳ ಮಾತಿನ ಧಾಟಿಯನ್ನು ಮಾಡಿ ತೋರಿಸುತ್ತಿದ್ದಳು. “ಇವತ್ತ ಒಬ್ಬ ಡಾಕ್ಟರ್ ನಡುವ ಆಕಳಿಸಿದ ಕಾಕಾ. ಆಕಳಿಕಿನೂ ಬರೀಬೇಕೋ ಬ್ಯಾಡೋ ಗೊತ್ತಾಗಲಿಲ್ಲ” ಎಂದಾಗ ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳ ಮೇಲೆ ಅಂಥ ನಗು ಕೇಳಿಸಿತ್ತು. ಮಕ್ಕಳಿಲ್ಲದ ಮನೆ ನಮ್ಮದು, ನಿಮಗೆ ಗೊತ್ತು. ಎರಡು ಬಸ್ಸು ಬದಲಿಸಿ ಹೋಗುವ ಅವಳ ಕಷ್ಟ ನೋಡಲಾಗದೆ ಒಂದು ಹಳೆಯ ಮೊಪೆಡ್ಡನ್ನು ನಾನೇ ಬಿಚ್ಚಿ ಕಟ್ಟಿ ಅವಳಿಗೆ ಕೊಟ್ಟೆ.

ಫೆಬ್ರವರಿಯಲ್ಲಿ ಅದು ತಕರಾರು ತೆಗೆಯಿತು. “ಸಿಗ್ನಲ್ಲಿಗೊಮ್ಮೆ ಬಂದ್ ಬೀಳ್ತೈತಿ ಕಾಕಾ. ಹಿಂದಿನವ್ರು ಹಾರ್ನ್ ಹೊಡಿತಾರ, ನಾ ನಡುರಸ್ತೆದಾಗ ಪೆಡಲ್ ತುಳಕೋತ ನಿಲ್ತೀನಿ” ಎಂದಳು.

ನೀವು ಹೊಲಿಗೆ ಮಷೀನಿನವರು, ನನ್ನ ಕಸುಬನ್ನು ಬಿಡಿಸಿ ಹೇಳಬೇಕು. ಕಾರ್ಬೊರೇಟರ್ ಎಂಬುದು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಸಾಮಾನು. ಪೆಟ್ರೋಲಿಗೆ ಹದವಾಗಿ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವುದು ಅದರ ಕೆಲಸ. ಎಕ್ಸಲೇಟರ್ ಬಿಟ್ಟಾಗಲೂ ಇಂಜಿನ್ನು ಮೆಲ್ಲಗೆ ಉಸಿರಾಡುತ್ತಿರಬೇಕು. ಅದನ್ನು ಐಡ್ಲಿಂಗ್ ಎನ್ನುತ್ತೇವೆ. ಆ ಉಸಿರು ಉಳಿಯದಿದ್ದರೆ ಮೊದಲು ಪೆಟ್ರೋಲು ಹಾಯುವ, ಕೂದಲೆಳೆಯಷ್ಟು ತೂತಿರುವ ಜೆಟ್ಟನ್ನು ತೊಳೆಯಬೇಕು. ತೊಳೆದೆ, ಊದಿದೆ, ತಕರಾರು ಹೋಗಲಿಲ್ಲ. ಆಮೇಲೆ ಕಾರ್ಬೊರೇಟರ್ ಇಂಜಿನ್ನಿಗೆ ಕೂಡುವ ಜಾಗದಲ್ಲಿ ಎರಡು ಹನಿ ಎಣ್ಣೆ ಬಿಟ್ಟೆ. ಇಂಜಿನ್ನಿನ ದನಿ ಬದಲಾಯಿತು. ನಡುವೆ ಸೋರದಂತೆ ಇಡುವ ಕಾಗದದ ಪ್ಯಾಕಿಂಗ್ ಸೀಳಿದೆ, ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ ಎಂದು ಆಗಲೇ ತಿಳಿಯಿತು. ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಬೇಕು, ಇಂಜಿನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಬೇಕು, ಆಮೇಲೆಯೇ ಐಡ್ಲಿಂಗ್ ಸ್ಕ್ರೂ ಮುಟ್ಟಬೇಕು. ಅರ್ಧ ದಿನದ ಕೆಲಸ. ಅವಳು ಒಂಬತ್ತಕ್ಕೆ ಆಫೀಸಿನಲ್ಲಿರಬೇಕಿತ್ತು. ನನ್ನೆದುರು ನಾಲ್ಕು ಗಿರಾಕಿಗಳು ನಿಂತಿದ್ದರು. ಇವತ್ತು ಬಸ್ಸಿಗೆ ಹೋಗು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ತಣ್ಣಗಿದ್ದ ಇಂಜಿನ್ನಿನ ಸ್ಕ್ರೂವನ್ನು ಒಂದೂವರೆ ಸುತ್ತು ಒಳಗೆ ತಿರುಗಿಸಿ ಓಟ ಏರಿಸಿಬಿಟ್ಟೆ. “ಈಗ ಬಂದ್ ಬೀಳಂಗಿಲ್ಲ, ಹೋಗವ್ವ” ಎಂದೆ. ಅದು ಸೋಮವಾರ.

ಆ ಗಾಡಿಗೆ ಕೈಯಲ್ಲಿ ಹಿಡಿಯುವ ಕ್ಲಚ್ಚಿಲ್ಲ ಅಣ್ಣ. ಇಂಜಿನ್ನಿನ ಓಟ ಏರಿದರೆ ಕ್ಲಚ್ಚು ತಾನಾಗಿ ಕಚ್ಚಿಕೊಂಡು ಗಾಲಿಯನ್ನು ತಿರುಗಿಸುತ್ತದೆ. ಗಾಳಿ ಸೋರುವ ಇಂಜಿನ್ನು ಬಿಸಿಯಾದಷ್ಟೂ ಹೆಚ್ಚು ಓಡುತ್ತದೆ. ಗುರುವಾರ ಅವಳು ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅಡ್ಡರಸ್ತೆಯಿಂದ ಮರಳಿನ ಲಾರಿ ಬಂತು. ಆ ಹೊತ್ತಿಗೆ ಬ್ರೇಕಿನ ಮೇಲಿನ ಕೈಯನ್ನು ಯಾಕೆ ತೆಗೆದಳೋ, ಓಡಣಿ ಸರಿಮಾಡಿಕೊಂಡಳೋ, ದೇವರೇ ಬಲ್ಲ. ಕೆಂಪು ದೀಪ ಇರುವಾಗಲೇ ಹುಡುಗಿ ಮುಂದೆ ನುಗ್ಗಿದಳು ಎಂದು ಕಂಡವರು ಹೇಳಿದರು. ಪೊಲೀಸರು ಹಾಗೆಯೇ ಬರೆದುಕೊಂಡರು.

ನೀವು ಸುರಪುರದಿಂದ ಬಂದಿಳಿದಾಗ ಆಸ್ಪತ್ರೆಯ ಅಂಗಳದಲ್ಲಿ ನನ್ನ ಹೆಗಲು ಹಿಡಿದು ಕೇಳಿದಿರಿ. “ಮೌನಪ್ಪ, ಗಾಡಿ ಸರಿ ಇತ್ತೇನು?”

“ಗಾಡಿ ಸರಿ ಇತ್ತಣ್ಣ” ಎಂದೆ.

ಆ ಸುಳ್ಳನ್ನು ಒಂಬತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ನೀವು ನಿಮ್ಮ ಮಗಳನ್ನು ಬೈದುಕೊಂಡು ಅತ್ತಿರಿ, ನಾನು ಪಕ್ಕದಲ್ಲಿ ನಿಂತು ನಿಮ್ಮ ಬೆನ್ನು ಸವರಿದೆ.

ಸೆಪ್ಟೆಂಬರಿನಲ್ಲಿ ಪೊಲೀಸರು ಗಾಡಿಯನ್ನು ಬಿಟ್ಟುಕೊಟ್ಟರು. ಮುಂದಿನ ಭಾಗ ನುಜ್ಜಾಗಿತ್ತು, ಇಂಜಿನ್ನಿಗೆ ಏನೂ ಆಗಿರಲಿಲ್ಲ. ಗುಜರಿಗೆ ಹಾಕೋಣ ಎಂದಳು ಪಾರ್ವತೆಮ್ಮ. ನಾನು ಪೆಟ್ರೋಲು ಹಾಕಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲ್ ತುಳಿದೆ. ಎಲ್ಲಿಯೂ ಕೈ ಹಚ್ಚಲಿಲ್ಲ. ಮೊದಲು ಮೆಲ್ಲಗೆ ನಡೆಯಿತು. ಕಾಲು ತಾಸು ಕಳೆದ ಮೇಲೆ ದನಿ ಏರತೊಡಗಿತು, ಹಿಂದಿನ ಗಾಲಿ ನಡುಗಿತು, ಆಮೇಲೆ ತಿರುಗಿತು. ಪಾರ್ವತೆಮ್ಮ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಯಾರೂ ಎಕ್ಸಲೇಟರ್ ಹಿಡದಿಲ್ಲಲ್ರೀ, ಗಾಲಿ ಯಾಕ ತಿರಗಾಕತ್ತೈತಿ?” ಎಂದು ಕೇಳಿದಳು.

ನಾನು ಹೇಳಿದೆ. ಎಲ್ಲ ಹೇಳಿದೆ. ಅವಳು ಇಂಜಿನ್ನು ಬಂದ್ ಮಾಡಲು ಗುಂಡಿ ಹುಡುಕಿದಳು, ಸಿಗಲಿಲ್ಲ. “ಬಂದ್ ಮಾಡ್ರಿ ಅದನ್ನ, ಮದ್ಲ ಬಂದ್ ಮಾಡ್ರಿ” ಎಂದು ಕಿರುಚಿದಳು. ಅಂದಿನಿಂದ ಅಡಿಗೆ ಮಾಡುತ್ತಾಳೆ, ಬಡಿಸುತ್ತಾಳೆ, ನನ್ನೊಡನೆ ಮಾತಿಲ್ಲ. ಈ ಪತ್ರ ಬರೆಯುತ್ತೇನೆ ಎಂದಾಗ ಮಾತ್ರ “ಬರೀರಿ. ಸತ್ತಾಕಿ ಹೆಸರರ ಉಳಿಲಿ” ಎಂದಳು.

ಪೊಲೀಸ್ ಸ್ಟೇಷನ್ನಿಗೂ ಹೋಗಿದ್ದೆ. ತಪ್ಪು ಹುಡುಗಿಯದಲ್ಲ, ನನ್ನದು ಎಂದು ಬರೆದುಕೊಳ್ಳಿ ಎಂದೆ. “ಕೇಸು ಅಯಿಪೋಯಿಂದಿ ಗದಯ್ಯಾ” ಎಂದರು, ಕೇಸು ಮುಗಿದುಹೋಯಿತಲ್ಲ ಎಂದು. ನನಗೆ ತಲೆ ಕೆಟ್ಟಿದೆ ಎಂದು ತಿಳಿದು ನೀರು ಕುಡಿಸಿ ಕಳಿಸಿದರು.

ಇನ್ನು ನಿಮ್ಮೆದುರು ಒಂದೇ ಬೇಡಿಕೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ರೇಣುಕಾಳ ಮದುವೆಯನ್ನು ನಿಲ್ಲಿಸಿ. ನನ್ನ ತಪ್ಪಿಗೆ ಆ ಮಗುವನ್ನು ಮನೆಯಲ್ಲಿ ಕೂಡಿಹಾಕಬೇಡಿ, ಕಾಲೇಜಿಗೆ ಕಳಿಸಿ. ಗಂಗಾಳ ಫೋಟೋವನ್ನು ಟ್ರಂಕಿನಿಂದ ತೆಗೆಯಿರಿ. ಊರಲ್ಲಿ ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ. ನೀವು ಬಾ ಎಂದ ದಿನ ಬರುತ್ತೇನೆ. ಬರಬೇಡ ಎಂದರೆ ಆ ಹೊಸ್ತಿಲನ್ನು ಇನ್ನು ತುಳಿಯುವುದಿಲ್ಲ.

ವೈನಿಯವರ ಪಾದಕ್ಕೆ ನಮಸ್ಕಾರ. ರೇಣುಕಾಳಿಗೆ ಒಳ್ಳೆಯದಾಗಲಿ, ಓದಿ ದೊಡ್ಡವಳಾಗಲಿ. ನನ್ನಂಥವನ ಆಶೀರ್ವಾದ ಬೇಕೋ ಬೇಡವೋ, ಅವಳಿಗೇ ಬಿಟ್ಟಿದ್ದು.

ನಿಮ್ಮ ತಮ್ಮ,
ಮೌನಪ್ಪ

ತಾ.ಕ.: ಪತ್ರ ಮಡಿಚಿ ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದೆ. ಒಂದು ಮಾತನ್ನು ಪಾರ್ವತೆಮ್ಮನಿಗೂ ಹೇಳಿಲ್ಲ. ಬುಧವಾರ ಬೆಳಿಗ್ಗೆ ಗಂಗಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, “ಕಾಕಾ, ಇದು ನಿಂತಲ್ಲಿ ನಿಲ್ಲವಲ್ಲದು, ತಾನ ಮುಂದ ಸರೀತೈತಿ. ನಂಗ ಅಂಜಿಕಿ ಬರ್ತೈತಿ” ಎಂದಳು. ಗಿರಾಕಿಗಳೆಲ್ಲ ನೋಡುತ್ತಿದ್ದರು. ನಾನು ಕಟ್ಟಿದ ಗಾಡಿಗೆ ಅವರೆದುರು ಕುಂದು ಹೇಳಿದಳಲ್ಲ ಎಂದು ನನಗೆ ಸಿಟ್ಟು ಬಂತು. “ಗಾಡಿ ಸರಿ ಐತಿ, ನಿನಗ ಹೊಡಿಯಾಕ ಬರಂಗಿಲ್ಲ” ಎಂದೆ. ಅವರೆಲ್ಲ ನಕ್ಕರು. ಗಂಗಾಳೂ ನಕ್ಕು, “ಹೌದೇನೋ ಕಾಕಾ, ನಂದ ತಪ್ಪಿರಬೇಕು” ಎಂದು ಹೊರಟುಹೋದಳು.