ಆಮೆಗೆ ಹೋಳಿಗೆ ಹಾಕಿದ ನನ್ನ ಅಕ್ಕ ಮತ್ತು ನಿಮ್ಮ ಜೆಟ್ಟಿಯ ಫಲಕ

ಮಾನ್ಯರೇ,

ದ್ವೀಪ ಪ್ರವಾಸದ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳೇ, ದೋಣಿ ಹತ್ತುವ ನಿಮ್ಮ ಜೆಟ್ಟಿಯಲ್ಲಿ ಟಿಕೆಟ್ ಕಿಟಕಿಯ ಪಕ್ಕ ಆಳೆತ್ತರದ ಒಂದು ಫಲಕವಿದೆ. ಅದರಲ್ಲಿ ಹಸಿರು ಇಳಕಲ್ ಸೀರೆ ಉಟ್ಟ, ಹಣೆಯ ಮೇಲೆ ವಿಭೂತಿ ಇರುವ ವಯಸ್ಸಾದ ಹೆಂಗಸೊಬ್ಬಳು ನಗುತ್ತ ಆಮೆಯೊಂದಕ್ಕೆ ಹೋಳಿಗೆ ತಿನ್ನಿಸುತ್ತಿದ್ದಾಳೆ. ಕೆಳಗೆ ಕೆಂಪಕ್ಷರದಲ್ಲಿ ‘ಇವರ ಒಂದು ತುತ್ತು, ಒಂದು ಜೀವದ ಅಂತ್ಯ’ ಎಂದು ಬರೆಸಿದ್ದೀರಿ. ಆ ಹೆಂಗಸು ನನ್ನ ಅಕ್ಕ ಗೌರಕ್ಕ, ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯವಳು. ಆ ಫಲಕ ತೆಗೆಯಿರಿ ಎಂದು ಫೋನಿನಲ್ಲಿ ಕೇಳಿದೆ, ನಿಮ್ಮ ಕಚೇರಿಗೆ ಬಂದು ಕೈಮುಗಿದು ಕೇಳಿದೆ. ನೀವು ಆಕೆಯನ್ನು ಎಲ್ಲರ ಎದುರಿಗೆ ನಿಲ್ಲಿಸಿದ್ದೀರಿ. ಆದ್ದರಿಂದ ಈಗ ನಾನೂ ಎಲ್ಲರ ಎದುರಿಗೇ ಕೇಳುತ್ತಿದ್ದೇನೆ.

ಮೊದಲೇ ಒಪ್ಪಿಕೊಳ್ಳುತ್ತೇನೆ. ಆಮೆ ಸತ್ತದ್ದು ನಿಜ. ಅಕ್ಕ ಅದಕ್ಕೆ ಶೇಂಗಾ ಹೋಳಿಗೆ ಹಾಕಿದ್ದೂ ನಿಜ. ಕಡಲಾಮೆಗೆ ಹೋಳಿಗೆ ಹಾಕಬಾರದು ಎಂಬುದು ಈಗ ನಮಗೆ ಗೊತ್ತಾಗಿದೆ. ನಾನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವವನು. ತೊಗರಿ, ಕಡಲೆ, ಹೆಸರು ನೋಡಿದರೆ ಯಾವ ಕಡೆಯ ಮಾಲು ಎಂದು ಹೇಳಬಲ್ಲೆ, ಆಮೆಯ ಹೊಟ್ಟೆಯ ವಿಷಯ ನನಗೆ ತಿಳಿಯದು. ನನ್ನ ಅಕ್ಕನಿಗಂತೂ ಸಮುದ್ರ ಎಂಬುದೇ ಕ್ಯಾಲೆಂಡರಿನ ಚಿತ್ರವಾಗಿತ್ತು. ಅದನ್ನು ತಿಳಿಸಿಕೊಡುವುದಕ್ಕೆಂದೇ ಸರಕಾರ ನಿಮ್ಮಂಥ ತಿಳಿದವರನ್ನು ಅಲ್ಲಿ ಕೂರಿಸಿದೆ ಎಂದು ನಾವು ನಂಬಿ ಬಂದೆವು.

ನಂಬುವಂತೆ ಮಾಡಿದ್ದು ನಿಮ್ಮ ಜಾಹೀರಾತೇ. ‘ದೋಣಿಯಲ್ಲಿ ವಿಹರಿಸಿ, ಡಾಲ್ಫಿನ್‌ಗಳೊಡನೆ ನಲಿಯಿರಿ, ಕಡಲಜೀವಿಗಳ ಸ್ನೇಹ ಸಂಪಾದಿಸಿ’ ಎಂದು ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಹಚ್ಚಿದ್ದಿರಿ. ಸ್ನೇಹ ಎಂಬ ಶಬ್ದ ನಿಮ್ಮದು, ನಮ್ಮದಲ್ಲ. ತಾಯಿ ತೀರಿಕೊಂಡಾಗ ನಾನು ತೊಟ್ಟಿಲು ಬಿಟ್ಟು ಇಳಿದಿದ್ದೆನಷ್ಟೆ. ಅಕ್ಕನೇ ನನ್ನನ್ನು ಸಾಕಿದಳು. ಆಕೆಯ ಮದುವೆಯಾದಾಗ ನಾನು ಆಕೆಯ ಸೆರಗು ಹಿಡಿದುಕೊಂಡೇ ಉಪ್ಪಿನಬೆಟಗೇರಿಗೆ ಹೋದವನು. ಅಂಥವಳಿಗೆ ಒಮ್ಮೆ ಸಮುದ್ರ ತೋರಿಸಬೇಕು ಎಂಬುದು ನನ್ನ ಬಹುದಿನದ ಆಸೆ. ಪರಿಚಯದ ಜುಲ್ಫಿಕಾರನ ಗಾಡಿ ಗೊತ್ತು ಮಾಡಿ, ಅಕ್ಕನನ್ನೂ ಆಕೆಯ ಸೊಸೆ ಆರತಿಯನ್ನೂ ಕೂರಿಸಿಕೊಂಡು ಅರಬೈಲ್ ಘಟ್ಟ ಇಳಿದೆವು. ಅಕ್ಕನ ತೊಡೆಯ ಮೇಲೆ ಬುತ್ತಿಯ ಗಂಟಿತ್ತು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿ, ಶೇಂಗಾ ಹೋಳಿಗೆ. ನಾಲ್ಕು ಜನಕ್ಕೆ ಹತ್ತು ಜನರ ಊಟ ಕಟ್ಟಿದ್ದಳು.

ದೋಣಿ ಹತ್ತುವ ಮುಂಚೆ ಆಕೆ ನೀರಿಗೆ ಅರಿಶಿನ ಕುಂಕುಮ ಏರಿಸಿ ಕೈಮುಗಿದಳು. ಒಂದು ಬೊಗಸೆ ನೀರನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. “ಇಷ್ಟ್ ನೀರಿದ್ದೂ ಒಂದ್ ಗುಟುಕ್ ಕುಡ್ಯಾಕ ಬರೂದಿಲ್ಲಲ್ಲೋ ತಮ್ಮಾ, ಇದನ್ನ ಯಾರಿಗಂತ ಇಟ್ಟಾನ ಶಿವಾ?” ಎಂದು ನನ್ನನ್ನೇ ಕೇಳಿದಳು. ನಿಮ್ಮ ನಾಲ್ಕೈದು ದೋಣಿಗಳು ಡಾಲ್ಫಿನ್‌ಗಳನ್ನು ಸುತ್ತುವರಿದು ಅಟ್ಟಿಸಿಕೊಂಡು ಹೋದವು. ಜನ ಕೇಕೆ ಹಾಕಿದರು. ಅಕ್ಕ ಮಾತ್ರ ನನ್ನ ತೋಳು ಜಗ್ಗಿದಳು. “ಅವು ನಮ್ಮನ್ನ ನೋಡಾಕ ಬಂದಿಲ್ಲೋ, ಇಂಜಿನ್ ಸಪ್ಪಳಕ್ಕ ಹೆದರಿ ಓಡಾಕತ್ತಾವು. ದೂರಿಂದ ನೋಡೂಣು, ಹಿಂದಕ್ಕ ತಗೀಯಾಕ ಹೇಳು” ಎಂದಳು. ನಿಮ್ಮ ಫಲಕದ ಪ್ರಕಾರ ಪ್ರಾಣಿಗಳ ಮೇಲೆ ಕರುಣೆಯಿಲ್ಲದ ಪ್ರವಾಸಿ ಈಕೆಯೇ. ದೋಣಿ ನಡೆಸುತ್ತಿದ್ದ ಪರಮೇಶ ಆಕೆಯ ಮಾತು ಕೇಳಿ ವೇಗ ತಗ್ಗಿಸಿದ ಎಂಬುದನ್ನೂ ಇಲ್ಲಿ ಹೇಳಬೇಕು.

ದ್ವೀಪದಲ್ಲಿ ನಿಮ್ಮ ‘ಸಾಗರಜೀವಿ ಸ್ನೇಹಲೋಕ’ ಇತ್ತು. ಒಂದು ಸಿಮೆಂಟ್ ತೊಟ್ಟಿಯಲ್ಲಿ ಬಣ್ಣದ ಮೀನುಗಳು. ಅದರ ಮುಂದೆ ‘ಮೀನಿಗೆ ಆಹಾರ ನೀಡಿ, ಆನಂದಿಸಿ’ ಎಂಬ ಬೋರ್ಡು, ಕೆಳಗೆ ನಿಮ್ಮವರೇ ಮಾರುತ್ತಿದ್ದ ಚುರುಮುರಿ ಪೊಟ್ಟಣ. ಅದಕ್ಕೆ ಅಂಟಿಕೊಂಡೇ ಇನ್ನೊಂದು ತೊಟ್ಟಿ, ಅದರಲ್ಲಿ ಆ ಆಮೆ. ನೀರು ಪಾಚಿಗಟ್ಟಿ ಹಸಿರಾಗಿತ್ತು. ಈ ತೊಟ್ಟಿಗೆ ಆಹಾರ ಹಾಕಿ, ಆ ತೊಟ್ಟಿಗೆ ಹಾಕಿದರೆ ಕೊಲೆ ಎಂಬುದನ್ನು ಪ್ರವಾಸಿ ಹೇಗೆ ತಿಳಿಯಬೇಕು? ಎಚ್ಚರಿಕೆಯ ಬೋರ್ಡು ಇತ್ತಂತೆ. ನಿಮ್ಮ ಕಚೇರಿಯವರು ಹಾಗೆಂದರು. ಐಸ್‌ಕ್ರೀಮ್ ಪೆಟ್ಟಿಗೆಯ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದನ್ನು ನಾನು ಎರಡನೆಯ ಸಲ ಬಂದಾಗ ದ್ವೀಪಕ್ಕೂ ಹೋಗಿ ಕಂಡೆ. ಬಹುಶಃ ಅದು ಗೋಡೆಗೆ ಕೊಟ್ಟ ಎಚ್ಚರಿಕೆ ಇರಬೇಕು.

ಈಗ ನಡೆದದ್ದನ್ನು ಹೇಳುತ್ತೇನೆ. ಮಧ್ಯಾಹ್ನ ನೆರಳಿದ್ದದ್ದು ಆಮೆಯ ತೊಟ್ಟಿಯ ಹತ್ತಿರ ಮಾತ್ರ. ಅಲ್ಲಿಯೇ ಕುಳಿತು ಅಕ್ಕ ಬುತ್ತಿ ಬಿಚ್ಚಿದಳು. ನಮ್ಮ ಕಡೆ ಒಂದು ರೂಢಿಯಿದೆ, ನಿಮಗೆ ತಿಳಿದಿರಲಾರದು. ಬುತ್ತಿ ಬಿಚ್ಚಿದ ಮೇಲೆ ಎದುರಿಗಿದ್ದವರನ್ನು ಕರೆಯದೆ ಉಣ್ಣುವುದಿಲ್ಲ. ರೈಲಿನಲ್ಲಿ ಗುರುತಿಲ್ಲದವರಿಗೂ “ಬರ್ರಿ, ಊಟಾ ಮಾಡೂಣು” ಅನ್ನುತ್ತೇವೆ. ಹೊಲದಲ್ಲಾದರೆ ಎತ್ತಿಗೆ, ನಾಯಿಗೆ, ಕಾಗೆಗೆ ಹಾಕಿದ ಮೇಲೆಯೇ ನಮ್ಮ ಕೈ ಬಾಯಿಗೆ ಹೋಗುವುದು. ಅಕ್ಕ ಮೊದಲು ಜುಲ್ಫಿಕಾರನನ್ನು ಕೂಗಿ ಕರೆದು ಎಲೆ ಹಾಕಿದಳು. ನಂತರ ಎದುರಿಗೆ ನೋಡಿದಳು. ಎದುರಿಗಿದ್ದದ್ದು ಆಮೆ. ಅದು ತೊಟ್ಟಿಯ ಅಂಚಿಗೆ ಬಂದು ತಲೆ ಎತ್ತಿ ಬಾಯಿ ತೆರೆಯಿತು. “ಪಾಪ, ಹಸದೈತಿ ನೋಡ್ರಿ ಇದು. ಅದರ ಮುಂದ ಕುಂತು ನಾವಷ್ಟ ತಿಂದ್ರ ಗಂಟಲದಾಗ ಇಳದೀತೇನು?” ಎಂದು ಹೋಳಿಗೆಯ ಒಂದು ಚೂರು ಮುರಿದು ಹಾಕಿದಳು.

ನಿಮ್ಮ ಸಿಬ್ಬಂದಿ ಅಲ್ಲಿಯೇ ನಿಂತಿದ್ದ, ಕೊರಳಲ್ಲಿ ನಿಮ್ಮ ಕಚೇರಿಯ ಗುರುತಿನ ಚೀಟಿ ಇತ್ತು. ಆತ ಓಡಿ ಬಂದು ಕೈ ಹಿಡಿದು ತಡೆಯಲಿಲ್ಲ. ಮೊಬೈಲ್ ತೆಗೆದ. “ಅಮ್ಮಾ, ಇನ್ನೊಂದ್ಸಲ ಹಾಕಿ, ಫೋಟೋ ಸರಿಯಾಗಿ ಬರ್ಲಿಲ್ಲ. ಸ್ವಲ್ಪ ನಗಿ” ಎಂದ. ಅಕ್ಕ ನಕ್ಕು ಇನ್ನೊಂದು ಚೂರು ಹಾಕಿದಳು. ಮಾನ್ಯರೇ, ನಿಮ್ಮ ಫಲಕದ ಮೇಲಿರುವುದು ಆ ಎರಡನೆಯ ಚೂರಿನ ಚಿತ್ರ, ಆ ನಗು ನಿಮ್ಮವನೇ ಕೇಳಿ ಪಡೆದ ನಗು. ಕೇಳಿ ಹಾಕಿಸಿಕೊಂಡ ತುತ್ತಿಗೆ ಕೊಲೆಯ ಹೆಸರಿಡಲು ನಿಮಗೆ ಹೇಗೆ ಮನಸ್ಸು ಬಂತು?

ಒಂದೆರಡು ತಿಂಗಳ ಮೇಲೆ ಜುಲ್ಫಿಕಾರ ಬೇರೆ ಪ್ರವಾಸಿಗರನ್ನು ಕರೆದುಕೊಂಡು ಬಂದಾಗ ಆ ಫಲಕ ನೋಡಿದ. ಫೋನಿನಲ್ಲಿ ಕಳಿಸಲಿಲ್ಲ, ನೇರವಾಗಿ ನನ್ನ ಅಂಗಡಿಗೆ ಬಂದು ನಿಂತ. “ಕಾಕಾ, ಹೇಳ್ಲೋ ಬ್ಯಾಡೋ ಅಂತ ದಾರಿ ತುಂಬ ವಿಚಾರ ಮಾಡಿದೆ. ನನಗ ಉಣಸಿದ ಕೈ ಅದು. ಅದರ ಕೆಳಗ ಅಂಥಾ ಮಾತು ಬರದಾರ್ರಿ” ಎಂದ. ನಾವಿಬ್ಬರೂ ಅಕ್ಕನಿಂದ ಮುಚ್ಚಿಟ್ಟರೂ ಬೇರೆ ಯಾರೋ ಫೋಟೋ ತೆಗೆದು ಹರಿಬಿಟ್ಟಿದ್ದರು. ವಾರದೊಳಗೆ ಅದು ಉಪ್ಪಿನಬೆಟಗೇರಿಯ ಮೊಬೈಲುಗಳಿಗೆ ಬಂತು. ಪಕ್ಕದ ಮನೆಯವರು ‘ಗೌರಕ್ಕ ಮೊಬೈಲದಾಗ ಬಂದಾಳ’ ಎಂದು ಸಂಭ್ರಮದಿಂದ ತೋರಿಸಲು ಬಂದರಂತೆ. ಅಕ್ಕನಿಗೆ ಓದು ಬರುತ್ತದೆ. ಓದಿದಳು.

ನಾನು ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ಸಂಜೆಯವರೆಗೂ ಸಭೆಯಲ್ಲಿಯೇ ಇದ್ದಿರಿ. ನಿಮ್ಮ ಸಹಾಯಕರು ಬಹಳ ಸೌಜನ್ಯದಿಂದ, “ಇದು ಜನಜಾಗೃತಿ ಕಾರ್ಯಕ್ರಮ, ಅವರ ಹೆಸರನ್ನೇನೂ ಹಾಕಿಲ್ಲವಲ್ಲ” ಎಂದರು. ನಿಜ, ಹೆಸರು ಹಾಕಿಲ್ಲ, ಮುಖ ಮಾತ್ರ ಹಾಕಿದ್ದೀರಿ. ಈ ಪತ್ರದಲ್ಲಿ ನಾನೂ ನಿಮ್ಮ ಹೆಸರು ಬರೆದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ನಿಮ್ಮ ಸೌಜನ್ಯಕ್ಕೆ ಸರಿಸಮನಾದ ಸೌಜನ್ಯವನ್ನು ತೋರಿಸಿದ್ದೇನೆ.

ಕಚೇರಿಯಿಂದ ಇಳಿದು ಜೆಟ್ಟಿಯ ಕಟ್ಟೆಯ ಮೇಲೆ ಕುಳಿತೆ. ಪರಮೇಶ ಗುರುತು ಹಿಡಿದು ಹತ್ತಿರ ಬಂದ. ಆತ ಹೇಳಿದ್ದನ್ನು ಆತನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. “ಬಲೆಗೆ ಸಿಕ್ಕಿ ಗಾಯ ಆಗಿತ್ತು ಸ್ವಾಮಿ, ನಾವೇ ತಂದು ಕೊಟ್ಟಿದ್ದು. ಗಾಯ ಮಾಯ್ದ ಮೇಲೆ ಸಮುದ್ರಕ್ಕೆ ಬಿಡ್ತೇವೆ ಅಂದಿದ್ರು. ಜನ ಅದನ್ನ ನೋಡ್ಲಿಕ್ಕೇ ಬರ್ಲಿಕ್ಕೆ ಶುರು ಮಾಡಿದ್ರು ನೋಡಿ, ಬಿಡ್ಲೇ ಇಲ್ಲ. ಉಪ್ಪುನೀರು ಎಳೆಯೋ ಪಂಪು ಕೆಟ್ಟು ಮಳೆಗಾಲವೇ ಕಳೀತು. ಬಂದೋರೆಲ್ಲ ಚಿಪ್ಸು, ಬ್ರೆಡ್ಡು ಹಾಕ್ತಿದ್ರು. ನಿಮ್ಮ ಅಕ್ಕನೋರು ಹಾಕಿದ್ದು ಎಷ್ಟನೇದೋ ಏನೋ” ಎಂದ. ಸಮುದ್ರದಲ್ಲಿ ಬಾಳಬೇಕಾದ ಜೀವವನ್ನು ಕೊಳೆತ ನೀರಿನಲ್ಲಿ ಇಟ್ಟವರು ಯಾರು? ಗುಣವಾದದ್ದನ್ನು ಪ್ರದರ್ಶನಕ್ಕಾಗಿ ಉಳಿಸಿಕೊಂಡವರು ಯಾರು? ಅವರ ಚಿತ್ರ ಯಾವ ಜೆಟ್ಟಿಯಲ್ಲಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಬರೆಯನ್ನು ಬಣ್ಣದಲ್ಲಿ ಮುದ್ರಿಸಿ ನೇತುಹಾಕಿದ್ದನ್ನು ನಿಮ್ಮಲ್ಲಿ ನೋಡಿದೆ. ಆಮೆ ಸತ್ತ ಮೇಲೆ ನೀವು ಫಲಕ ಬರೆಸಿದ್ದಂತೂ ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಇಷ್ಟೆಲ್ಲವನ್ನೂ ನಾನು ಅಕ್ಕನಿಗೆ ಹೇಳಿದ್ದೇನೆ. ಪಂಪಿನ ವಿಷಯ, ಚಿಪ್ಸಿನ ವಿಷಯ ಬಿಡಿಸಿ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ, “ಆದ್ರೂ ಹಾಕಿದ್ದು ನಾನ ಹೌದಲ್ಲೋ?” ಎಂದಳು. ನಾನು ತಮ್ಮ, ಸಮಾಧಾನಕ್ಕೆ ಹೇಳುತ್ತೇನೆ ಎಂದು ಆಕೆಗೆ ಅನಿಸುತ್ತದೆ. ಅಚ್ಚಾದ ಮಾತಿನ ಮುಂದೆ ತಮ್ಮನ ಮಾತು ನಡೆಯಲಿಲ್ಲ. ಸರಕಾರ ಸುಳ್ಳು ಬರೆಸುವುದಿಲ್ಲ ಎಂಬ ನಂಬಿಕೆ ಇನ್ನೂ ಇರುವ ಕೆಲವೇ ಜನರಲ್ಲಿ ನನ್ನ ಅಕ್ಕ ಒಬ್ಬಳು.

ಊರಿನ ಮಠದ ದಾಸೋಹದಲ್ಲಿ ಅಕ್ಕನ ಕೈ ಇಲ್ಲದೆ ಒಲೆ ಹತ್ತುತ್ತಿರಲಿಲ್ಲ. ಈಗ ಆಕೆ ಅಡುಗೆ ಮನೆಯ ಕಡೆ ಹೋಗುವುದಿಲ್ಲ, ಹೊರಗೆ ಕುಳಿತು ಕಾಯಿಪಲ್ಲೆ ಹೆಚ್ಚಿ ಕೊಡುತ್ತಾಳಂತೆ. ಹಟ್ಟಿಯ ಆಕಳಿಗೆ ರೊಟ್ಟಿ ಹಾಕುವುದನ್ನು ಬಿಟ್ಟಿದ್ದಾಳೆ. ಆರತಿ ಫೋನ್ ಮಾಡಿ ಅತ್ತಳು. “ಮಾಮಾ, ಕೂಸಿಗೆ ಹಾಲನ್ನ ಕಲಸಿ ಕೊಟ್ಟು ‘ನೀನ ತಿನಸು’ ಅಂತ ನನ್ನ ಕೈಯಾಗ ಕೊಡ್ತಾರ್ರಿ. ಮೊಮ್ಮಗಳು ಅಜ್ಜೀ ಅಂತ ಬಾಯಿ ತಗದು ನಿಂತ್ರ ಒಳಗ ಎದ್ದು ಹೋಗ್ತಾರ್ರಿ” ಎಂದಳು. ಕಳೆದ ಸೋಮವಾರ ನಾನು ಹೋದೆ. ಹಟ ಮಾಡಿ ಆಕೆಯಿಂದಲೇ ಬಡಿಸಿಕೊಂಡೆ. ರೊಟ್ಟಿ ನನ್ನ ತಾಟಿಗೆ ಹಾಕಿದವಳು ಕೈ ಹಿಂದಕ್ಕೆ ತೆಗೆಯಲಿಲ್ಲ. “ತಮ್ಮಾ, ಇದನ್ನ ಉಂಡ್ರ ನಿನಗೇನೂ ಆಗೂದಿಲ್ಲಲ್ಲ?” ಎಂದು ಕೇಳಿದಳು. ನಾನು ಉಂಡೆ, ಆಕೆ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಳು. ಹುಬ್ಬಳ್ಳಿಗೆ ಮರಳುವಾಗ ಬಸ್ಸಿನಲ್ಲಿ, ಜನರ ನಡುವೆ, ನಾನು ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಆಮೆಯ ಸಾವಿಗೆ ನಮಗೂ ದುಃಖವಿದೆ. ಬಹುಶಃ ನಿಮಗಿಂತ ಹೆಚ್ಚು, ಏಕೆಂದರೆ ನೀವು ಅದರ ಸಾವನ್ನು ಫಲಕಕ್ಕೆ ಬಳಸಿಕೊಂಡಿರಿ, ನಮ್ಮ ಮನೆಯಲ್ಲಿ ಅದಕ್ಕೆ ಸೂತಕ ಹಿಡಿದಂತಾಗಿದೆ. ಜಾಗೃತಿ ಬೇಡವೆನ್ನುವುದಿಲ್ಲ. ಆಮೆಯ ಚಿತ್ರ ಹಾಕಿ, ಏನು ತಿನ್ನಿಸಬಾರದು ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಿರಿ. ಇನ್ನೊಂದು ಗಾಯಗೊಂಡ ಆಮೆಯನ್ನು ಅದೇ ತೊಟ್ಟಿಗೆ ತಂದು ಬಿಟ್ಟಿದ್ದೀರಿ ಎಂದು ಪರಮೇಶ ಹೇಳಿದ. ಅದು ಗುಣವಾದ ದಿನವೇ ಅದನ್ನು ಕಡಲಿಗೆ ಬಿಡಿ, ಜನ ಕಡಿಮೆ ಬಂದರೆ ಬರಲಿ. ನನ್ನ ಅಕ್ಕನ ಮುಖವನ್ನು ಅಲ್ಲಿಂದ ಇಳಿಸಿರಿ.

ಅಷ್ಟರಿಂದ ಅಕ್ಕನ ಕೈ ಮೊದಲಿನಂತಾಗುವುದಿಲ್ಲ ಎಂದು ನನಗೆ ಗೊತ್ತು. ಆದ್ದರಿಂದ ಕೊನೆಯ ಬೇಡಿಕೆ ಇದು. ಒಂದು ದಿನ ನೀವು ಉಪ್ಪಿನಬೆಟಗೇರಿಗೆ ಬರಬೇಕು. ಕ್ಷಮೆ ಕೇಳಬೇಡಿ, ಸರಕಾರ ಕೈಮುಗಿದರೆ ಆಕೆ ಗಾಬರಿಯಾಗುತ್ತಾಳೆ. ಸುಮ್ಮನೆ ಪಡಸಾಲೆಯಲ್ಲಿ ಕುಳಿತು, “ತಾಯೀ, ಹಸಿವಾಗಿದೆ” ಎನ್ನಿ. ಆಕೆ ಹೆದರುತ್ತ ಬಡಿಸುತ್ತಾಳೆ. ನೀವು ಆಕೆಯ ಕಣ್ಣೆದುರಿಗೆ ಹೊಟ್ಟೆ ತುಂಬ ಉಣ್ಣಬೇಕು, ಉಂಡು ಇನ್ನಷ್ಟು ಹಾಕಿ ಎಂದು ಕೇಳಬೇಕು.

ಇಂತಿ,
ಅದೇ ಕೈಯಿಂದ ಉಂಡು ಬೆಳೆದು, ಇನ್ನೂ ಬದುಕಿರುವ,
ಶಂಭುಲಿಂಗ
ಕಾಳುಕಡಿ ವ್ಯಾಪಾರಿ, ದುರ್ಗದಬೈಲ್, ಹುಬ್ಬಳ್ಳಿ