ಬೆಂಕಿಬಿಲ್ಲೆಯ ಭಾನುವಾರ

ಟಾವೆಲ್ಸ್,
ಮಂಗಳವಾರ, ೧೦ ಮಾರ್ಚ್ ೧೯೮೭

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮೆರಾನಿನಲ್ಲಿ ಆಗಲೇ ಬಿಸಿಲು ಬಂದಿದೆ ಎಂದು ಒಟ್ಟಿಲಿಯಾ ಚಿಕ್ಕಮ್ಮ ಬರೆದಿದ್ದಾಳೆ. ನೀನು ಊಟ ಅರ್ಧಕ್ಕೆ ಬಿಟ್ಟು ಏಳುತ್ತೀಯೆಂದೂ ಬರೆದಿದ್ದಾಳೆ. ಹಾಗೆ ಮಾಡಬೇಡಮ್ಮ. ನಾನು ಚೆನ್ನಾಗಿದ್ದೇನೆ. ಇಲ್ಲ, ಅಷ್ಟೇನೂ ಚೆನ್ನಾಗಿಲ್ಲ. ಮರದ ಪುಡಿಯ ಕೆಮ್ಮು ಹಿಡಿದಿದೆ. ಅಲ್ಬುಯಿನ್ ಮಾವ ಈಗ ಮಿಲ್ಲಿನ ದೊಡ್ಡ ಗರಗಸವನ್ನೂ ನನ್ನ ಕೈಗೆ ಕೊಡುತ್ತಾನೆ. "ಶಾಲೆ ಬಿಟ್ಟಿದ್ದಕ್ಕೆ ಇದೇ ನಿನಗೆ ಶಿಕ್ಷೆ ಕಣೇ ಬುರ್ಗಲ್" ಎಂದು ನನ್ನ ಹೆಸರನ್ನು ತುಂಡರಿಸಿ ಕರೆದು ನಗುತ್ತಾನೆ. ನನಗಂತೂ ಬೆಂಚಿನ ಮೇಲೆ ಕೂರುವುದೇ ಶಿಕ್ಷೆಯಾಗಿತ್ತು.

ಮನೆಯ ಬಗ್ಗೆ ಕೇಳಿದ್ದೀಯ. ನೀನು ಹೋದ ಮೇಲೂ ಮಹಡಿಯ ಸದ್ದು ನಿಂತಿಲ್ಲ. ಸಂಜೆ ಒಲೆ ಹಚ್ಚಿದ ಕೂಡಲೇ ಕಸ್ಸಿಯಾನಣ್ಣನ ಕೋಣೆಯಲ್ಲಿ ಯಾರೋ ಬೂಟು ಬಿಚ್ಚಿದಂತೆ ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಚಳಿಗೆ ಮರ ಬಿಗಿಯುತ್ತದೆ, ಅಷ್ಟೇ ಎನ್ನುತ್ತಾನೆ ಮಾವ. ದಿನವಿಡೀ ಮರದ ಜೊತೆ ಇರುವವಳು ನಾನು. ಮರದ ಸದ್ದು ನನಗೆ ಗೊತ್ತು, ಇದು ಅದಲ್ಲ. ಬೆಕ್ಕು ಅವನ ಹಾಸಿಗೆಯ ಮೇಲೆ ಗೋಡೆಗೆ ಒತ್ತಿ ಮಲಗುತ್ತದೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟಂತೆ. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಇದನ್ನೆಲ್ಲ ನೀನೊಬ್ಬಳೇ ಕೇಳಿಸಿಕೊಳ್ಳುತ್ತಿದ್ದೆ ಎಂದುಕೊಳ್ಳಬೇಡ ಅಂತ.

ಈಗ ನೀನು ಕಾಯುತ್ತಿರುವ ವಿಷಯ. ಮೊನ್ನೆ ಭಾನುವಾರ, ಒಬ್ಬೊಬ್ಬರ ಹೆಸರು ಕೂಗಿ ಉರಿಯುವ ಬಿಲ್ಲೆ ಎಸೆಯಲು, ಊರೆಲ್ಲ ಗುಡ್ಡ ಹತ್ತಿತು. ನೀನು ಬರೆದ ಮಾತು ನನಗೆ ಬಾಯಿಪಾಠವಾಗಿದೆ: "ಅವನ ಹೆಸರು ಕೂಗಿ ಎಸಿ. ಬಿಲ್ಲೆ ಹಾರಿದರೆ ನನ್ನ ಮಗ ಎಲ್ಲೋ ಬದುಕಿದ್ದಾನೆ, ಈಸ್ಟರಿಗೆ ಮನೆಗೆ ಬರುತ್ತೇನೆ. ಬಿದ್ದರೆ ನನಗೆ ಆ ಮನೆ ಬೇಡ." ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹೋದ ವರ್ಷದ ಜನವರಿಯಲ್ಲಿ ಸ್ಕೀ ಕಟ್ಟಿಕೊಂಡು ಕಣಿವೆ ದಾಟಿ ಸ್ವಿಸ್ ಕಡೆಗೆ ಹೊರಟ ಅಣ್ಣ ಆ ಕಡೆ ಇಳಿಯಲೇ ಇಲ್ಲ. ಬೇಸಿಗೆಯಲ್ಲಿ ಹಿಮ ಕರಗಿದಾಗಲೂ ಏನೂ ಸಿಗಲಿಲ್ಲ. ಅಂಥವನ ಲೆಕ್ಕವನ್ನು ಅಂಗೈಯಗಲದ ಒಂದು ಮರದ ಚೂರಿಗೆ ಒಪ್ಪಿಸಿ ನನ್ನ ಕೈಗೆ ಕೊಟ್ಟೆಯಲ್ಲ ಅಮ್ಮಾ.

ಬಿಲ್ಲೆಯನ್ನು ಭೂರ್ಜದ ಮರದಲ್ಲಿ ನಾನೇ ಕೊರೆದೆ, ಅಂಚು ತೆಳ್ಳಗೆ, ನಡುವೆ ತೂತು. ಗುಡ್ಡದ ಮೇಲೆ ಎಂದಿನಂತೆ ಗದ್ದಲ. ಬೇಕರಿಯ ಹುಡುಗ ಮೇಷ್ಟ್ರ ಹೆಸರಿನಲ್ಲಿ ಎಸೆದದ್ದು ಕಾಲ ಬುಡದಲ್ಲೇ ಬಿತ್ತು. "ಥೇಟ್ ಮೇಷ್ಟ್ರೇ ಕಣ್ರೋ, ಕೂತಲ್ಲಿಂದ ಏಳೋದೇ ಇಲ್ಲ!" ಎಂದು ಎಲ್ಲರೂ ನಕ್ಕರು. ಇಟಲಿಯ ಪೊಲೀಸಿನವನು ಕೆಳಗೆ ನಿಂತು, "ಯಾರ ಹುಲ್ಲಿನ ಮನೆಗಾದ್ರೂ ಬಿದ್ರೆ ಕೇಸು ಯಾರ ಮೇಲಪ್ಪಾ ಹಾಕ್ಲಿ?" ಎಂದು ಗೊಣಗುತ್ತಿದ್ದ. ನನ್ನ ಸರದಿ ಬಂದಾಗ, "ಹೆಸರಾದ್ರೂ ನೆಟ್ಟಗೆ ಕೂಗ್ತೀಯೇನೇ, ಅದನ್ನೂ ಅರ್ಧಕ್ಕೆ ಬಿಡ್ತೀಯೋ?" ಎಂದು ಯಾರೋ ಕೆಣಕಿದರು.

ಬಿಲ್ಲೆಯನ್ನು ಕೋಲಿಗೆ ಸಿಕ್ಕಿಸಿ ಬೆಂಕಿಯಲ್ಲಿ ಹಿಡಿದೆ. ಅಂಚು ಕೆಂಪಾಯಿತು. ಕೋಲು ತಿರುಗಿಸತೊಡಗಿದಾಗ ಎಲ್ಲರೂ ಒಟ್ಟಿಗೆ, "ಯಾರಿಗೇ ಈ ಬಿಲ್ಲೆ?" ಎಂದು ಕೇಳಿದರು. ಬದುಕಿರುವವರ ಹೆಸರನ್ನೇ ಹೇಳಬೇಕು. ಸತ್ತವರನ್ನು ಬೆಂಕಿಯ ಮುಂದೆ ಕರೆದರೆ ಬೆಳಕಿನ ಜಾಡು ಹಿಡಿದು ಇಳಿದುಬರುತ್ತಾರೆ ಎಂದು ನೀನೇ ನಮ್ಮ ಬಾಯಿ ಮುಚ್ಚುತ್ತಿದ್ದೆ. ನನ್ನ ಬೆನ್ನ ಹಿಂದೆ ಹಿಮದ ಮೇಲೆ ಯಾರೋ ಬಂದು ನಿಂತರು. ಹೆಜ್ಜೆ ಕೇಳಿಸಿತು, ಉಸಿರೂ ಕೇಳಿಸಿತು. ತಿರುಗಿ ನೋಡಲಿಲ್ಲ. ಹೆಸರು ಕೂಗಿ, ಬಿಲ್ಲೆ ಕಳಚಿ ಹಾರಲೆಂದು ಓರೆಯಾಗಿ ನೆಟ್ಟ ಹಲಗೆಗೆ ಕೋಲು ಬಡಿದೆ.

ಒಬ್ಬರೂ ನಗಲಿಲ್ಲ. ಬಿಲ್ಲೆ ಹಾರಿತು ಅಮ್ಮಾ, ಪೈನ್ ಮರಗಳ ತಲೆಯ ಮೇಲಿಂದ, ಹಳ್ಳದ ಆಚೆಗೆ. ಕೆಂಡ ಆರಲೇ ಇಲ್ಲ. ಮಾವ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆಮೇಲೆ ಹಿಂದೆ ನೋಡಿದೆ, ಯಾರೂ ಇರಲಿಲ್ಲ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ದೇವಮಾತೆ ನಿನ್ನ ಮಂಡಿಗೂ ಮನಸ್ಸಿಗೂ ಸ್ವಲ್ಪ ಶಕ್ತಿ ಕೊಡಲಿ.

ನಿನ್ನ ಮಗಳು
ನೋಟ್‌ಬುರ್ಗಾ

ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಮಾವ ಅಂಚೆಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾನೆ. "ಹಾರ್ತು ಅಂತ ಬರೆದಿದ್ದೀಯಲ್ಲ, ಸಾಕು, ಅಂಟಿಸೇ ಮಾರಾಯ್ತಿ. ಅವಳು ಬಂದ್ರೆ ಸಾಕು" ಎನ್ನುತ್ತಿದ್ದಾನೆ. ಸಾಲದು. ನಾನು ಅಣ್ಣನ ಹೆಸರು ಕೂಗಲಿಲ್ಲ. ಬೀಳುತ್ತದೆ ಎಂಬ ಹೆದರಿಕೆ ಅಲ್ಲ, ಹಾರಿಬಿಟ್ಟರೆ ಎಂಬ ಹೆದರಿಕೆ. ಹಾರಿದ್ದರೆ ನೀನು ಬರುತ್ತಿದ್ದೆ, ಬಂದು ಸಾಯುವವರೆಗೂ ಅವನ ದಾರಿ ಕಾಯುತ್ತಾ ಕಿಟಕಿಯಲ್ಲಿ ಕೂರುತ್ತಿದ್ದೆ. ಬದುಕಿರುವವರ ಹೆಸರನ್ನೇ ಹೇಳಬೇಕಲ್ಲ, ನಾನು ಕೂಗಿದ್ದು "ಫಿಲೊಮೆನಾ" ಎಂದು. ಹೆತ್ತವಳ ಹೆಸರು ಹಿಡಿದು ಕರೆದದ್ದು ಹುಟ್ಟಿದಾರಭ್ಯ ಇದೇ ಮೊದಲು, ಕ್ಷಮಿಸು. ಹಳ್ಳ ದಾಟಿ ಉರಿಯುತ್ತಾ ಹೋದದ್ದು ನೀನು. ಇಷ್ಟು ತಿಳಿದ ಮೇಲೂ ಬರುತ್ತೀಯಾ?